ಇರುಳಿನ ಜಲಪಾತವೂ ಬಣ್ಣದ ಬೆಳಕೂ

ಜಲಪಾತಕ್ಕೆ ಹಗಲು ರಾತ್ರಿಗಳ ಭೇದವಿಲ್ಲ. ಅದು ಧುಮ್ಮಿಕ್ಕುತ್ತಲೇ ಇರುತ್ತದೆ. ನೋಡಬೇಕೆನ್ನುವ ಮನುಷ್ಯನಿಗೆ ಮಾತ್ರ ಬೆಳಕು ಬೇಕು. ಕತ್ತಲಾದ ಮೇಲೂ ನೋಡಬೇಕೆಂಬ ಆಸೆ ಹುಟ್ಟಿದಂದಿನಿಂದ ಅವನು ಜಲಪಾತಗಳ ಎದುರಿಗೆ ಮತಾಪು ಹಚ್ಚಿದ್ದಾನೆ, ವಿದ್ಯುದ್ದೀಪ ನಿಲ್ಲಿಸಿದ್ದಾನೆ, ಈಗ ಲೇಸರ್ ಕಿರಣಗಳನ್ನೂ ಹಾಯಿಸುತ್ತಿದ್ದಾನೆ. ಶಿವನಸಮುದ್ರದ ಗಗನಚುಕ್ಕಿಯಲ್ಲಿ ಜಲಪಾತೋತ್ಸವ ನಡೆದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಚರ್ಚೆ ಏಳುವುದುಂಟು. ಅವರಲ್ಲಿ ಕೆಲವರು ವಿದ್ಯುತ್ ಕ್ಷೇತ್ರದಲ್ಲಿ ದುಡಿದವರು, ಕೆಲವರು ಪ್ರವಾಸೋದ್ಯಮದಲ್ಲಿ ಇರುವವರು. "ನಿಸರ್ಗದ ಸೊಬಗಿಗೆ ಈ ಬಣ್ಣವೇಕೆ?" ಎಂಬುದು ಒಂದು ಪಕ್ಷ, "ಜನ ಬಂದರೆ ಊರಿಗೆ ನಾಲ್ಕು ಕಾಸು ಹುಟ್ಟುತ್ತದೆ, ಅದಕ್ಕೇಕೆ ಅಡ್ಡಿ?" ಎಂಬುದು ಇನ್ನೊಂದು ಪಕ್ಷ. ಇಬ್ಬರೂ ಕೊನೆಗೆ "ಮೇಷ್ಟ್ರೇ, ನೀವೇನು ಹೇಳುತ್ತೀರಿ?" ಎಂದು ನನ್ನತ್ತ ತಿರುಗುತ್ತಾರೆ. ಇತಿಹಾಸದ ಮೇಷ್ಟರನ್ನು ಕೇಳಿದರೆ ಇತಿಹಾಸವನ್ನು ಕೇಳಬೇಕಾಗುತ್ತದೆ. ಆದುದರಿಂದ ಮೊದಲು ಈ ಹವ್ಯಾಸ ಬೆಳೆದುಬಂದ ದಾರಿಯನ್ನು ನೋಡೋಣ.

ಆ ದಾರಿ ನಮ್ಮನ್ನು ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ನಯಾಗರಕ್ಕೆ ಕರೆದೊಯ್ಯುತ್ತದೆ. 1860ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ಪಟ್ಟವೇರಿದವನು, ಅಲ್ಲಿಗೆ ಭೇಟಿ ಕೊಟ್ಟ. ಅವನ ಗೌರವಾರ್ಥವಾಗಿ ಜಲಪಾತದ ಮೇಲೆ, ಕೆಳಗೆ ಮತ್ತು ಬೀಳುವ ನೀರಿನ ಹಿಂಬದಿಯಲ್ಲಿ ಸುಮಾರು 200 ಮತಾಪುಗಳನ್ನಿಟ್ಟು ಒಟ್ಟಿಗೆ ಹೊತ್ತಿಸಿದರು. ಕಡಲಿನಲ್ಲಿ ಹಡಗುಗಳು ಸಂಕೇತ ಕೊಡಲು ಬಳಸುತ್ತಿದ್ದ ಜಾತಿಯ ದೀಪಗಳವು. ಇಂಗ್ಲಿಷರ ಬಾಯಲ್ಲಿ ಅವುಗಳ ಹೆಸರು 'ಬೆಂಗಾಲ್ ಲೈಟ್'. ಅವುಗಳ ಮುಖ್ಯ ದ್ರವ್ಯವಾದ ಪೆಟ್ಲುಪ್ಪನ್ನು ಈಸ್ಟ್ ಇಂಡಿಯಾ ಕಂಪನಿ ಬಿಹಾರ, ಬಂಗಾಳಗಳಿಂದ ಹಡಗುಗಟ್ಟಲೆ ಸಾಗಿಸುತ್ತಿದ್ದುದನ್ನು ಒಂಬತ್ತನೆಯ ತರಗತಿಯಲ್ಲಿ ನೀವು ಓದಿದ್ದೀರಿ. ಕೆಲವು ನಿಮಿಷ ಉರಿದು, ಹೊಗೆಯಾಗಿ ಮುಗಿದುಹೋದ ಬೆಳಕು ಅದು. ರಾಜಕುಮಾರನಿಗಾಗಿ ಹಚ್ಚಿದ್ದರು; ಅವನು ಹೋದ ಮೇಲೆ ಕತ್ತಲೆ ಮತ್ತೆ ಕತ್ತಲೆಯೇ ಆಯಿತು.

1879ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ನ್ ಪ್ರಭು ಮತ್ತು ಆತನ ಪತ್ನಿ, ವಿಕ್ಟೋರಿಯಾ ರಾಣಿಯ ಮಗಳು ಲೂಯಿಸ್ ಬಂದಾಗ ಮೊದಲ ಬಾರಿಗೆ ವಿದ್ಯುದ್ದೀಪಗಳ ಬೆಳಕು ನಯಾಗರದ ಮೇಲೆ ಬಿತ್ತು. ಅದರ ಶಕ್ತಿ ಸುಮಾರು 32,000 ಮೇಣದ ಬತ್ತಿಗಳಿಗೆ ಸಮ. ಆ ಕಾಲಕ್ಕೆ ಅದು ಅದ್ಭುತವೇ ಸರಿ. ಆದರೆ ಆಗ ಜಲಪಾತದ ಸುತ್ತಮುತ್ತಲಿನ ಸ್ಥಿತಿ ಹೇಗಿತ್ತೆಂಬುದನ್ನೂ ತಿಳಿಯಬೇಕು. ದಡದ ನೆಲವೆಲ್ಲ ಖಾಸಗಿಯವರ ಕೈ ಸೇರಿತ್ತು. ಗಿರಣಿಗಳು, ಅಂಗಡಿಗಳು, ಬೇಲಿಗಳು ದಟ್ಟವಾಗಿ ಎದ್ದಿದ್ದವು. ಹಣ ಕೊಡದವನಿಗೆ ಜಲಪಾತದ ದರ್ಶನವೇ ಇಲ್ಲವೆಂಬಂತಾಗಿತ್ತು. ಇದನ್ನು ಕಂಡು ನೊಂದ ಕೆಲವರು ಚಳವಳಿ ಹೂಡಿದರು. ಉದ್ಯಾನ ಶಿಲ್ಪಿ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಅವರಲ್ಲಿ ಪ್ರಮುಖರು. 'ನಯಾಗರವನ್ನು ಬಿಡಿಸಿ' ಎಂಬ ಆ ಹೋರಾಟದ ಫಲವಾಗಿ 1885ರ ಜುಲೈ 15ರಂದು ನ್ಯೂಯಾರ್ಕ್ ರಾಜ್ಯವು ಅಮೆರಿಕದ ಬದಿಯ ದಡವನ್ನು ಸಾರ್ವಜನಿಕರಿಗೆ ತೆರೆಯಿತು. ಕೆನಡಾ ಬದಿಯಲ್ಲಿ 1888ರಲ್ಲಿ ಉದ್ಯಾನ ತೆರೆಯಿತು. ಜಲಪಾತವನ್ನು ನೋಡುವುದು ಬಡವನ ಹಕ್ಕೂ ಹೌದು ಎಂಬ ಮಾತು ಅಲ್ಲಿ ಶಾಸನವಾದದ್ದು ಹೀಗೆ.

ದಡ ಉಳಿಯಿತು, ನೀರು ಉಳಿಯಬೇಕಲ್ಲ? 1895ರಲ್ಲಿ ಅಲ್ಲಿ ದೊಡ್ಡ ವಿದ್ಯುದಾಗಾರ ಕೆಲಸ ಆರಂಭಿಸಿತು. 1896ರ ನವೆಂಬರ್‌ನಲ್ಲಿ ಅದರ ವಿದ್ಯುತ್ತು ಬಫೆಲೋ ನಗರವನ್ನು ತಲುಪಿತು. ಕಂಪನಿಗಳು ಒಂದರ ಹಿಂದೆ ಒಂದು ಬಂದು ನದಿಯ ನೀರನ್ನು ಜಲಪಾತಕ್ಕಿಂತ ಮೇಲೆಯೇ ತಿರುಗಿಸತೊಡಗಿದಾಗ, ಹೀಗೇ ಬಿಟ್ಟರೆ ಕಡೆಗೆ ಬರಿಯ ಬಂಡೆ ಉಳಿದೀತು ಎಂಬ ಭಯ ಹುಟ್ಟಿತು. 1906ರಲ್ಲಿ ಅಮೆರಿಕದ ಸಂಸತ್ತು 'ಬರ್ಟನ್ ಕಾಯಿದೆ'ಯನ್ನು ತಂದು ಆ ತಿರುವಿಗೆ ಮಿತಿ ಹಾಕಿತು. ಅದರ ಮರುವರ್ಷವೇ, 1907ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ದೀಪತಜ್ಞ ಡಬ್ಲ್ಯೂ. ಡಿ. ರಯನ್ 36 ಪ್ರೊಜೆಕ್ಟರುಗಳನ್ನು ನಿಲ್ಲಿಸಿ ಹಲವು ವಾರಗಳ ಕಾಲ ನಯಾಗರವನ್ನು ಬಣ್ಣಗಳಲ್ಲಿ ಮೀಯಿಸಿದ. ಅವುಗಳ ಒಟ್ಟು ಬೆಳಕು 111 ಕೋಟಿ 50 ಲಕ್ಷ ಕ್ಯಾಂಡಲ್ ಪವರ್. 32,000 ಎಲ್ಲಿ, 111 ಕೋಟಿ ಎಲ್ಲಿ! ನಡುವೆ ಕಳೆದದ್ದು 28 ವರ್ಷ ಮಾತ್ರ. ಜಲಪಾತದ ನೀರನ್ನು ಬಳಸುವ ಉದ್ಯಮವೇ ಜಲಪಾತಕ್ಕೆ ಅಲಂಕಾರ ಮಾಡಿದ ಈ ಘಟನೆಯಲ್ಲಿ ಒಂದು ಜಾಣತನವೂ ಇತ್ತೆಂದು ನನಗೆ ತೋರುತ್ತದೆ.

ಇಲ್ಲಿ ನಮ್ಮ ಮೈಸೂರು ಸೀಮೆಯ ಕಥೆ ಬಂದು ಕೂಡಿಕೊಳ್ಳುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಕೆನಡಾದ ಕ್ವಿಬೆಕ್ ಪ್ರಾಂತದ ಮನೆತನದವರು. ಅವರು ಯುರೋಪು ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ನೋಡಿ ಬಂದರು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು, ಮುಂದೆ ನಯಾಗರಕ್ಕೆ ಬಣ್ಣ ಬಳಿದ ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ನಾನು ಹುಟ್ಟಿ ಬೆಳೆದ ಹಳ್ಳಿ ಆ ವಿದ್ಯುದಾಗಾರದಿಂದ ಬಹಳ ದೂರವೇನೂ ಇರಲಿಲ್ಲ. ನಮ್ಮವರು ಆ ಸ್ಥಳವನ್ನು 'ಬ್ಲಫ್' ಎಂದೇ ಕರೆಯುತ್ತಿದ್ದರು. ತಂತಿಗಳು ನಮ್ಮ ಹೊಲಗಳ ಮೇಲೆಯೇ ಹಾದುಹೋಗುತ್ತಿದ್ದವು. ಆದರೆ ನನ್ನ ಬಾಲ್ಯದಲ್ಲಿ ಊರಿನ ಒಂದು ಮನೆಯಲ್ಲಿಯೂ ವಿದ್ಯುದ್ದೀಪವಿರಲಿಲ್ಲ. ಸೀಮೆಎಣ್ಣೆಯ ಬುಡ್ಡಿ ದೀಪದ ಮುಂದೆ ಕುಳಿತು ನಾನೂ ನನ್ನ ಅಕ್ಕನೂ ಮಗ್ಗಿ ಬಾಯಿಪಾಠ ಮಾಡಿದೆವು. ಬೆಳಗಾದರೆ ಮೂಗಿನ ಹೊಳ್ಳೆಯಲ್ಲಿ ಕಾಡಿಗೆ. "ನಮ್ಮ ನೀರು ಬಿದ್ದು ಬೆಳಕಾಗುತ್ತದಂತೆ, ಅದು ನಮ್ಮ ಮನೆಗೆ ಯಾವಾಗ ಬರುತ್ತದಪ್ಪಾ?" ಎಂದು ಅಕ್ಕ ಕೇಳಿದರೆ ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಆ ಪ್ರಶ್ನೆಗೆ ಉತ್ತರ ದೊರೆತದ್ದು ಅಕ್ಕ ಮದುವೆಯಾಗಿ ಗಂಡನ ಮನೆಗೆ ಹೋದ ಎಷ್ಟೋ ವರ್ಷಗಳ ಮೇಲೆ. ಜಲಪಾತದ ಬೆಳಕು ಯಾರಿಗೆ ಎಂಬ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಲ್ಲ ಎಂದು ತಿಳಿಸಲು ಇಷ್ಟನ್ನು ಬರೆದೆ.

ಮತ್ತೆ ನಯಾಗರಕ್ಕೆ ಬರೋಣ. 1925ರಲ್ಲಿ ದೀಪಾಲಂಕಾರಕ್ಕೆಂದೇ ಅಲ್ಲಿ ಒಂದು ಮಂಡಳಿ ರಚನೆಯಾಯಿತು. 24 ದೊಡ್ಡ ಕಾರ್ಬನ್ ದೀಪಗಳು, 132 ಕೋಟಿ ಕ್ಯಾಂಡಲ್ ಪವರ್. ಜೂನ್ 8ರಂದು ವಿಧ್ಯುಕ್ತ ಉದ್ಘಾಟನೆ. ಅಂದಿನಿಂದ ಅದು ನಿತ್ಯದ ವ್ಯವಸ್ಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರದ ಕೆಲವು ವರ್ಷಗಳಲ್ಲಿಯೂ ವಿದ್ಯುತ್ತಿನ ಅಭಾವದಿಂದ ದೀಪಗಳನ್ನು ಆರಿಸಬೇಕಾಯಿತು. ಎರಡು ದೇಶಗಳಿಗೆ ವಿದ್ಯುತ್ತು ಕೊಡುವ ಜಲಪಾತಕ್ಕೇ ದೀಪವಿಲ್ಲ! ಆಮೇಲೆ ಕಾರ್ಬನ್ ದೀಪಗಳು ಹೋಗಿ ಕ್ಸೆನಾನ್ ದೀಪಗಳು ಬಂದವು. 2016ರ ಡಿಸೆಂಬರ್‌ನಲ್ಲಿ ಸುಮಾರು 40 ಲಕ್ಷ ಡಾಲರ್ ವೆಚ್ಚದಲ್ಲಿ ಎಲ್‌ಇಡಿ ದೀಪಗಳನ್ನು ಅಳವಡಿಸಿದರು.

ಆದರೆ ನಯಾಗರದ ನಿಜವಾದ ಬೆಡಗು ದೀಪದಲ್ಲಿಲ್ಲ, ನಲ್ಲಿಯಲ್ಲಿದೆ. 1950ರಲ್ಲಿ ಎರಡೂ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಪ್ರವಾಸಿಗರು ಬರುವ ತಿಂಗಳುಗಳ ಹಗಲಿನಲ್ಲಿ ಜಲಪಾತದಲ್ಲಿ ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಬೀಳಬೇಕು. ಉಳಿದ ವೇಳೆಯಲ್ಲಿ 50,000 ಕ್ಯೂಸೆಕ್ ಸಾಕು. ಆ ನದಿಯ ಸಹಜ ಹರಿವು ಸರಾಸರಿ 2 ಲಕ್ಷ ಕ್ಯೂಸೆಕ್ಕಿಗೆ ಸಮೀಪ. ಕ್ಯೂಸೆಕ್ ಲೆಕ್ಕವನ್ನು ಕಾವೇರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯಿಂದ 1 ಲಕ್ಷ ಬಿಟ್ಟರೆಂದರೆ ನದೀತೀರದ ಊರುಗಳಲ್ಲಿ ಡಂಗುರ ಸಾರುವುದನ್ನು ನಾವು ಬಲ್ಲೆವು. ಬೇಸಗೆಯಲ್ಲಿ ಪೂರ್ಣ ನೀರಿನ ವೇಳೆ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ. ಹತ್ತು ಗಂಟೆಯ ಮೇಲೂ ದೀಪ ಉರಿಯುತ್ತಿರುತ್ತದೆ. ನೀರು ಮಾತ್ರ ಅರ್ಧಕ್ಕಿಳಿಯಬಹುದು. ಎದುರಿಗೆ ನಿಂತು ಬೆರಗಾಗುವ ಪ್ರವಾಸಿಗನಿಗೆ ಅದು ತಿಳಿಯುವುದೂ ಇಲ್ಲ. ಹಾಗೆಂದು ಈ ಒಪ್ಪಂದವನ್ನು ನಾನು ಹಳಿಯಲಾರೆ. ವಿದ್ಯುತ್ತಿಗೆ ಇಷ್ಟು, ಕಣ್ಣಿಗೆ ಇಷ್ಟು ಎಂದು ಎರಡು ಸರ್ಕಾರಗಳು ಕೂತು ಬರೆದುಕೊಂಡು ಈವರೆಗೆ ನಡೆಸಿಕೊಂಡು ಬಂದಿವೆ. ಗಗನಚುಕ್ಕಿಗೆ, ಜೋಗಕ್ಕೆ ಕಾಯಿದೆಯಲ್ಲಿ ಹಾಗೊಂದು ಪಾಲು ಬರೆದಿಟ್ಟಿದ್ದರೆ, ಮಾರ್ಚಿಯಲ್ಲಿ ಪ್ರವಾಸಕ್ಕೆ ಕರೆದೊಯ್ದ ಮಕ್ಕಳು ಬರಿಯ ಬಂಡೆಯನ್ನು ನೋಡಿ "ಜಲಪಾತ ಎಲ್ಲಿ ಸಾರ್?" ಎಂದು ನನ್ನನ್ನು ಕೇಳುತ್ತಿರಲಿಲ್ಲ.

ಈಗ ಲೇಸರ್ ವಿಷಯ. ಅಮೆರಿಕದ ವಿಜ್ಞಾನಿ ಥಿಯೋಡರ್ ಮೈಮನ್ 1960ರ ಮೇ ತಿಂಗಳಲ್ಲಿ ಮೊದಲ ಲೇಸರನ್ನು ಬೆಳಗಿಸಿದ. 1973ರಲ್ಲಿ ಲಾಸ್ ಏಂಜಲೀಸ್‌ನ ಗ್ರಿಫಿತ್ ವೀಕ್ಷಣಾಲಯದಲ್ಲಿ ಅದನ್ನು ಸಂಗೀತದೊಡನೆ ಬೆರೆಸಿ ಪ್ರದರ್ಶನ ಮಾಡಿದರು. ಹೊನಲು ದೀಪದ ಬೆಳಕು ಹರಡುತ್ತದೆ. ಲೇಸರ್ ಕಿರಣ ಒಂದೇ ಬಣ್ಣದ್ದು, ಚದುರದೆ ಗೆರೆಯಂತೆ ಸಾಗುವಂಥದು. ಗೆರೆಯಿಂದ ಚಿತ್ರ ಬರೆಯಬಹುದು, ಅಕ್ಷರವನ್ನೂ ಬರೆಯಬಹುದು. ಆದರೆ ಬರೆಯಲು ಹಲಗೆ ಬೇಕು. ಧುಮ್ಮಿಕ್ಕುವ ನೀರು ಒಳ್ಳೆಯ ಹಲಗೆಯಲ್ಲ. ನೊರೆ ಕ್ಷಣಕ್ಷಣವೂ ಸ್ಥಾನ ಬದಲಿಸುತ್ತದೆ, ತುಂತುರು ಗಾಳಿಗೆ ತೂರುತ್ತದೆ, ಚಿತ್ರ ಕದಡುತ್ತದೆ. ಹೀಗಾಗಿ ಸಹಜ ಜಲಪಾತದಲ್ಲಿ ಲೇಸರ್ ಚೆನ್ನಾಗಿ ಕಾಣುವುದು ಮೇಲೆದ್ದ ಮಂಜಿನಲ್ಲಿ ಹಾಯುವ ಗೆರೆಗಳಾಗಿ, ಇಲ್ಲವೇ ಪಕ್ಕದ ಬಂಡೆಯ ಮೇಲಿನ ಚಿತ್ರವಾಗಿ. ಕಿರಣ ನೇರವಾಗಿ ಕಣ್ಣಿಗೆ ತಗುಲಿದರೆ ದೃಷ್ಟಿಗೆ ಅಪಾಯ. ಆಕಾಶಕ್ಕೆ ಹಾರಿಸಿದರೆ ವಿಮಾನ ನಡೆಸುವವರಿಗೆ ತೊಂದರೆ. ಬಂಡೆಯ ಸಂದುಗಳಲ್ಲಿ ನೆಲೆಸಿದ ಹಕ್ಕಿ, ಬಾವಲಿಗಳ ಮಾತಂತೂ ಬೇರೆಯೇ.

ನೀರನ್ನೇ ಹಲಗೆ ಮಾಡಿಕೊಂಡ ಪ್ರಸಿದ್ಧ ಉದಾಹರಣೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಗ್ರ್ಯಾಂಡ್ ಕೂಲಿ ಅಣೆಕಟ್ಟು. 1989ರಲ್ಲಿ ಅಲ್ಲಿ ಬೇಸಗೆಯ ರಾತ್ರಿಗಳ ಲೇಸರ್ ಪ್ರದರ್ಶನ ಆರಂಭವಾಯಿತು. ಅಣೆಕಟ್ಟಿನ ನುಣುಪಾದ ಇಳಿಜಾರಿನ ಮೇಲೆ ತೆಳುವಾಗಿ ನೀರು ಹರಿಸಿದರೆ ಅದು ಬಿಳಿಯ ಪರದೆಯಾಗುತ್ತದೆ. ಆ ಪರದೆಯ ಮೇಲೆ ಕೊಲಂಬಿಯಾ ನದಿಯ ಕಥೆಯನ್ನು ತೋರಿಸಿದರು. ಆದರೆ ಅದೇ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಕೆಟಲ್ ಫಾಲ್ಸ್ ಎಂಬ ನಿಜವಾದ ಜಲಪಾತ ಮುಳುಗಿ ಮಲಗಿದೆ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಆ ಜಲಪಾತದ ಬಳಿ ಸಾಲ್ಮನ್ ಮೀನು ಹಿಡಿದು ಬದುಕಿದವರು. ಮೀನು ಮೇಲೇರಲು ಅಣೆಕಟ್ಟಿನಲ್ಲಿ ದಾರಿಯನ್ನೇ ಇಡಲಿಲ್ಲ. 1940ರ ಜೂನ್‌ನಲ್ಲಿ, ನೀರು ಏರುವ ಮೊದಲು, ಹಲವು ಬುಡಕಟ್ಟುಗಳ ಜನ ಅಲ್ಲಿ ಸೇರಿ ಮೂರು ದಿನ ತಮ್ಮ ಜಲಪಾತಕ್ಕೆ ವಿದಾಯ ಹೇಳಿದರು. 'ಕಣ್ಣೀರಿನ ಸಮಾರಂಭ' ಎಂದೇ ಅದಕ್ಕೆ ಹೆಸರಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಮನೆ, ತೋಟ, ದೇವಸ್ಥಾನ ಕಳೆದುಕೊಂಡ ನಮ್ಮ ಮಲೆನಾಡಿನ ಜನರಿಗೆ ಆ ಕಣ್ಣೀರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ. ನಾನು ಬೆಳಕಿನ ವಿರೋಧಿಯಲ್ಲ. ಹಗಲೆಲ್ಲ ದುಡಿದ ಮಂಡ್ಯದ ರೈತ ಸಂಜೆ ಹೆಂಡತಿ ಮಕ್ಕಳೊಡನೆ ಬಂದು ಗಗನಚುಕ್ಕಿಯ ಬಣ್ಣ ನೋಡಿ ಹಿಗ್ಗಿದರೆ ಅದನ್ನು ಅಗ್ಗದ ಅಭಿರುಚಿ ಎನ್ನಲು ನಾನಾರು? 1860ರಲ್ಲಿ ರಾಜಕುಮಾರನಿಗೆ ಸಂದ ಭಾಗ್ಯ ಇಂದು ಅವನಿಗೂ ಸಂದಿದೆ, ಸಂತೋಷ. ಆದರೆ ಮೂರು ಮಾತುಗಳನ್ನು ನೆನಪಿಡಬೇಕು. ಮೊದಲನೆಯದು, ಉತ್ಸವ ಉತ್ಸವವಾಗಿಯೇ ಇರಲಿ. ವರ್ಷದಲ್ಲಿ ಕೆಲವು ರಾತ್ರಿ ದೀಪ ಹಚ್ಚಿ, ಉಳಿದ ರಾತ್ರಿಗಳನ್ನು ಬೆಳದಿಂಗಳಿಗೂ ಕತ್ತಲೆಗೂ ಹಕ್ಕಿಗಳಿಗೂ ಬಿಡಬೇಕು. ಎರಡನೆಯದು, ದೀಪಕ್ಕೆ ಹಣ ತೆಗೆದಿಡುವ ಮೊದಲು ಜಲಪಾತಕ್ಕೆ ನೀರು ತೆಗೆದಿಡಬೇಕು. ನೀರಿಲ್ಲದ ಬಂಡೆಗೆ ಬಣ್ಣ ಬಳಿದರೆ ಹೆಣಕ್ಕೆ ಸಿಂಗಾರ ಮಾಡಿದಂತೆ. ಮೂರನೆಯದು, ಲೇಸರಿನಿಂದ ಕಥೆ ಹೇಳುವುದಾದರೆ ಪೂರ್ತಿ ಕಥೆಯನ್ನೇ ಹೇಳಬೇಕು. ದಿವಾನರ ದೂರದೃಷ್ಟಿಯೂ ಅದರಲ್ಲಿರಲಿ, ಕಂಬ ಹೊತ್ತು ತಂತಿ ಎಳೆದ ಕೂಲಿಗಳೂ ಇರಲಿ, ತಂತಿಯ ಕೆಳಗೇ ಬುಡ್ಡಿ ದೀಪದಲ್ಲಿ ಓದಿದ ಮಕ್ಕಳೂ ಇರಲಿ.

ನಿಮ್ಮಲ್ಲಿ ಯಾರಾದರೂ ಮುಂದೆ ಇಂಥ ಯೋಜನೆಗಳ ಕಡತಕ್ಕೆ ಸಹಿ ಹಾಕುವ ಸ್ಥಾನದಲ್ಲಿದ್ದರೆ, ಸಹಿ ಹಾಕುವ ಮೊದಲು ಒಂದು ರಾತ್ರಿ ದೀಪವಿಲ್ಲದ ಗಗನಚುಕ್ಕಿಯ ಎದುರಿಗೆ ಹೋಗಿ ನಿಲ್ಲಿ. ಕಣ್ಣಿಗೆ ಏನೂ ಕಾಣದಿದ್ದರೂ ನೀರಿನ ಮೊರೆತ ಎದೆಗೆ ತಟ್ಟುತ್ತದೆ. ಆ ಸದ್ದಿನ ಮುಂದೆ ನಿಂತು ಯೋಚಿಸಿದವನು ತಪ್ಪು ನಿರ್ಧಾರಕ್ಕೆ ಬರಲಾರ ಎಂಬುದು ನನ್ನ ನಂಬಿಕೆ.