ಇಳಕಲ್ಲಿನ ಕೊಂಡಿ

ಹುನಗುಂದದಿಂದ ದಕ್ಷಿಣಕ್ಕೆ ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಇಳಕಲ್, ಸೀರೆಯಿಂದಲೇ ಖ್ಯಾತವಾದ ಪಟ್ಟಣವಾದರೂ ಈಚೆಗೆ ಅದರ ಭಾಗ್ಯವನ್ನು ಬಹುಮಟ್ಟಿಗೆ ನಿರ್ಣಯಿಸುತ್ತಿರುವುದು ಕಲ್ಲು. ಗಣಿಯಿಂದ ಬಂದ ನಸುಗೆಂಪು ಗ್ರಾನೈಟಿನ ದಿಮ್ಮಿಗಳು, ಅವನ್ನು ಹಲಗೆಗಳಾಗಿ ಸೀಳುವ ಗರಗಸಗಳ ಕರ್ಕಶ ನಾದ, ನೀರಿನೊಡನೆ ಹರಿದು ಒಣಗಿದ ಕಲ್ಲಿನ ಹಿಟ್ಟು, ಇವನ್ನೆಲ್ಲ ಹಿಂದಿಕ್ಕಿ ಹಳೆಯ ಓಣಿಗಳನ್ನು ಹೊಕ್ಕ ಮೇಲೆ ಮಗ್ಗದ ಸಪ್ಪಳ ಕಿವಿಗೆ ಬೀಳುತ್ತದೆ.

ಈ ಸೀಮೆಗೆ ಕಲ್ಲುಕೆಲಸ ನೂತನವೇನಲ್ಲ. ಬಾದಾಮಿಯ ಮೂರನೆಯ ಗುಹೆಯ ಚಾಲುಕ್ಯ ಮಂಗಳೇಶನ ಶಾಸನ 578ರದು. ಕವಿ ರವಿಕೀರ್ತಿಯ ಪ್ರಶಸ್ತಿಯನ್ನು ಹೊತ್ತ ಐಹೊಳೆಯ ಮೇಗುತಿ ಬಸದಿ 634ರದು. ಆದರೆ ಚಾಲುಕ್ಯರ ಶಿಲ್ಪಿಗಳು ಕೈಯಿಟ್ಟದ್ದು ಉಳಿಗೆ ಒಲಿಯುವ ಮರಳುಗಲ್ಲಿಗೆ. ಇಳಕಲ್ಲಿನ ಗ್ರಾನೈಟು ಅಷ್ಟು ಸುಲಭವಾಗಿ ಮಣಿಯುವ ಜಾತಿಯದಲ್ಲ. ವಜ್ರದ ಹರಳು ಕೂರಿಸಿದ ಗರಗಸವೂ ಹೊಳಪು ಕೊಡುವ ಯಂತ್ರವೂ ಅದನ್ನು ಪರದೇಶದ ಸೌಧಗಳಿಗೆ ಒಪ್ಪುವ ಹಲಗೆಯಾಗಿಸುತ್ತವೆ. ಯಂತ್ರದಿಂದ ಊರಿಗೆ ಸಂಪತ್ತು ಬಂದುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಮಗ್ಗದ ಮಾತು ಬೇರೆ. ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತ ನೇಕಾರನು ಇಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿಕೊಳ್ಳುತ್ತಾನೆ. ಒಡಲು ಹತ್ತಿಯದಾಗಿದ್ದರೂ ಸೆರಗು ಕೆಂಪು ರೇಷ್ಮೆಯದಾಗಿರುವುದು ಸಂಪ್ರದಾಯವಾದುದರಿಂದ, ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯೊಂದಕ್ಕೆ ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಇದೇ ಕೊಂಡಿ. ಹೀಗೆ ಸಹಸ್ರಾರು ಎಳೆಗಳು ಕೈಯಿಂದಲೇ ಕೂಡಿದ ಮೇಲೆ ತೋಪುತೆನೆ ಎಂಬ ಸೆರಗಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ಕೊತ್ತಲ, ಜೋಳದ ತೆನೆಗಳ ಆಕಾರಗಳು ಬಿಳಿಯಾಗಿ ಮೂಡುತ್ತವೆ. ಒಂದು ಸೀರೆ ಮುಗಿದರೆ ಮತ್ತೊಂದಕ್ಕೆ ಕೊಂಡಿಯ ಕೆಲಸ ಮೊದಲಿನಿಂದಲೇ ಆರಂಭ. ಕಂಡಿಕೆ ಸುತ್ತುವ ಹೆಂಗಸರ ದುಡಿಮೆಯಂತೂ ಕೂಲಿಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರುವುದೇ ಅಪರೂಪ.

ಗಣಿಯದಾಗಲಿ ಮಗ್ಗದದಾಗಲಿ, ಕೂಲಿಯು ಮನೆ ಮುಟ್ಟುವ ಮೊದಲೇ ಹೆಂಡದಂಗಡಿಯಲ್ಲಿ ಕರಗುತ್ತಿದ್ದುದನ್ನು ಕಂಡೇ ಇಲ್ಲಿಯ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ ಭಿಕ್ಷೆ ಜನರ ದುಶ್ಚಟ. ಮಠಗಳು ಬಹಳವಿರುವ ನಾಡಿನಲ್ಲಿಯೂ ಇಂತಹ ಭಿಕ್ಷೆ ವಿರಳ.

ಮತ್ತೆ ಮಗ್ಗಕ್ಕೆ ಬಂದರೆ, ಈಗ ವಿದ್ಯುನ್ಮಗ್ಗಗಳು ಇಳಕಲ್ಲಿನ ದಡಿಯನ್ನೂ ಬಣ್ಣವನ್ನೂ ಅನುಕರಿಸಿ, ಕೊಂಡಿಯ ಗೋಜಿಲ್ಲದೆ ಅಗ್ಗದ ಸೀರೆಗಳನ್ನು ಹೊರಹಾಕುತ್ತಿವೆ. ಬಡವರಿಗೂ ಸೀರೆ ಎಟುಕಲೆಂಬ ವಾದವನ್ನು ನಾವು ಒಪ್ಪಬಹುದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದನ್ನು ಒಪ್ಪಲಾಗದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದ್ದರೂ ಮೊಬೈಲಿನ ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಅಂಗಡಿಗೆ ಬಂದವರಾದರೆ ಸೆರಗನ್ನು ಮಗುಚಿ, ಒಡಲು ಕೂಡುವ ಗೆರೆಯನ್ನು ಬೆರಳಿನಿಂದ ಸವರಿ ಕೊಂಡಿಯನ್ನು ಗುರುತಿಸಿಯಾರು. ದೂರದಲ್ಲಿ ಕುಳಿತು ವಾಟ್ಸಾಪಿನಲ್ಲಿ ಆರಿಸುವವರು ಮಾರುವವನ ಮಾತನ್ನೇ ನಂಬಬೇಕು. ವ್ಯಾಪಾರಿಗಳು ಸೆರಗಿನ ಹಿಂಬದಿಯ ಚಿತ್ರವನ್ನೂ ಕಳಿಸುವ ವಾಡಿಕೆ ಹಾಕಿಕೊಂಡರೆ ನೇಕಾರನಿಗೆ ಅದರಿಂದಾಗುವ ಉಪಕಾರ ಸಣ್ಣದಲ್ಲ.