ಕೂಲಿ ಬೇರೆ, ಪಾಲು ಬೇರೆ: ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಕಥೆ

ರೆಕಾರ್ಡಿಂಗ್ ಸ್ಟುಡಿಯೋಗೆ ಕರೆದಾಗ ಬಂದು, ಬೇರೆಯವರ ಹಾಡಿಗೆ ನುಡಿಸಿ, ದುಡ್ಡು ತೆಗೆದುಕೊಂಡು ಹೋಗುವವರನ್ನು ಸೆಷನ್ ವಾದಕರು ಅನ್ನುತ್ತಾರೆ. ಹಾಡು ಗೆದ್ದರೂ ಸೋತರೂ ಅವರಿಗೆ ಆ ದಿನದ ಕೂಲಿ ಅಷ್ಟೇ. ಅಮೆರಿಕದ ಸ್ಟೀವ್ ಕ್ರಾಪರ್ ಇದೇ ಕೆಲಸ ಮಾಡಿಕೊಂಡಿದ್ದವರು. ಆದರೆ ಅವರು ಗೀತರಚನೆಕಾರರೂ ಆದರು, ನಿರ್ಮಾಪಕರೂ ಆದರು. ಕೂಲಿಯಿಂದ ಪಾಲಿಗೆ ಅವರು ದಾಟಿದ್ದು ಹೇಗೆ ಅನ್ನುವುದು ನಮಗೂ ಬೇಕಾದ ಇತಿಹಾಸ.

1941ರಲ್ಲಿ ಮಿಸ್ಸೌರಿ ರಾಜ್ಯದಲ್ಲಿ ಹುಟ್ಟಿದ ಕ್ರಾಪರ್ ಬೆಳೆದದ್ದು ಮೆಂಫಿಸ್ ನಗರದಲ್ಲಿ. ಅಲ್ಲಿ ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಸಣ್ಣದೊಂದು ರೆಕಾರ್ಡ್ ಕಂಪನಿ ಶುರು ಮಾಡಿದ್ದರು. ಯಂತ್ರ ಕೊಳ್ಳಲು ಅಕ್ಕ ತಮ್ಮ ಮನೆಯನ್ನೇ ಅಡ ಇಟ್ಟಿದ್ದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಕಂಪನಿ 'ಸ್ಟ್ಯಾಕ್ಸ್' ಆಯಿತು. ಸ್ಟುಡಿಯೋ ಇದ್ದದ್ದು ಮುಚ್ಚಿಹೋದ ಒಂದು ಟಾಕೀಸಿನಲ್ಲಿ. ಕುರ್ಚಿ ಕಿತ್ತರು, ಇಳಿಜಾರು ನೆಲವನ್ನು ಹಾಗೇ ಬಿಟ್ಟರು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ರೆಕಾರ್ಡ್ ಅಂಗಡಿ ತೆರೆದರು. ಕ್ರಾಪರ್ ಆ ಅಂಗಡಿಯಲ್ಲೂ ಕೆಲಸ ಮಾಡಿದರು. ಜನ ಯಾವ ಹಾಡು ಕೇಳಿಕೊಂಡು ಬರುತ್ತಾರೆ ಅನ್ನುವುದು ಕೌಂಟರಿನಲ್ಲಿ ನಿಂತವರಿಗೆ ಬೇಗ ಗೊತ್ತಾಗುತ್ತದೆ.

1962ರಲ್ಲಿ ಸ್ಟುಡಿಯೋದಲ್ಲಿ ಬಿಡುವಿನ ಹೊತ್ತಲ್ಲಿ ನಾಲ್ವರು ಸುಮ್ಮನೆ ನುಡಿಸುತ್ತಿದ್ದಾಗ ಹುಟ್ಟಿದ್ದು 'ಗ್ರೀನ್ ಆನಿಯನ್ಸ್'. ಮಾತಿಲ್ಲದ ಆ ಟ್ಯೂನ್ ದೇಶದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ರಚನೆಕಾರರಾಗಿ ನಾಲ್ವರ ಹೆಸರೂ ಬಂತು. 'ಬುಕರ್ ಟಿ ಆ್ಯಂಡ್ ದ ಎಂಜೀಸ್' ಎಂಬ ಈ ತಂಡವೇ ಸ್ಟ್ಯಾಕ್ಸ್‌ನ ಕಾಯಂ ವಾದ್ಯವೃಂದ. ಕರಿಯರು, ಬಿಳಿಯರು ಹೋಟೆಲಿನಲ್ಲಿ ಒಟ್ಟಿಗೆ ಕೂತು ಉಣ್ಣಲಾಗದಿದ್ದ ಊರಿನಲ್ಲಿ ಇವರು ದಿನವಿಡೀ ಒಂದೇ ಕೋಣೆಯಲ್ಲಿ ನುಡಿಸುತ್ತಿದ್ದರು.

ಊರಿನಲ್ಲಿ ಕರಿಯರಿಗೂ ರೂಮು ಕೊಡುತ್ತಿದ್ದ ಜಾಗ ಲೊರೇನ್ ಮೋಟೆಲ್. ಹೊರಗಿನಿಂದ ಬಂದ ಕರಿಯ ಗಾಯಕರು ಅಲ್ಲೇ ಇಳಿಯುತ್ತಿದ್ದರು. ಕ್ರಾಪರ್ ಗಿಟಾರ್ ಹಿಡಿದು ಅಲ್ಲಿಗೇ ಹೋಗುತ್ತಿದ್ದರು. 1965ರಲ್ಲಿ ವಿಲ್ಸನ್ ಪಿಕೆಟ್ ಜೊತೆ 'ಇನ್ ದ ಮಿಡ್‌ನೈಟ್ ಅವರ್' ಆದದ್ದು ಅಲ್ಲೇ. ಮರುವರ್ಷ ಎಡ್ಡಿ ಫ್ಲಾಯ್ಡ್ ಜೊತೆ 'ನಾಕ್ ಆನ್ ವುಡ್' ಆದದ್ದೂ ಅಲ್ಲೇ. ಮೊದಲ ಹಾಡಿನ ಆರಂಭದ ಸ್ವರಗಳನ್ನೇ ತಿರುವುಮುರುವು ಮಾಡಿ ಎರಡನೆಯದಕ್ಕೆ ಹಾಕಿದರು.

ಈ ಹೆಸರಿನ ಬೆಲೆ ಏನು? ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೂ ಪ್ರಕಾಶಕರಿಗೂ ದುಡ್ಡು ಸಲ್ಲಬೇಕು. ಹಾಡಿದವರಿಗೆ, ನುಡಿಸಿದವರಿಗೆ ಕೊಡಬೇಕೆಂಬ ಕಾನೂನಿಲ್ಲ. 1967ರ 'ಸೋಲ್ ಮ್ಯಾನ್' ನೋಡಿ. ಹಾಡಿನ ನಡುವೆಯೇ ಗಾಯಕ ಸ್ಯಾಮ್ ಮೂರ್, ಸ್ಟೀವ್ ಎಂದು ಹೆಸರು ಹಿಡಿದು ಕೂಗುತ್ತಾರೆ. ಲೋಕವೆಲ್ಲ ಕೇಳಿಸಿಕೊಂಡಿತು. ಆದರೆ ಅದನ್ನು ಬರೆದವರು ಐಸಾಕ್ ಹೇಯ್ಸ್ ಮತ್ತು ಡೇವಿಡ್ ಪೋರ್ಟರ್. ಆ ಹಾಡು ರೇಡಿಯೊದಲ್ಲಿ ಎಷ್ಟು ಸಲ ಬಂದರೂ ಬರೆದವರ ಪಾಲು ಕ್ರಾಪರ್‌ಗೆ ಇಲ್ಲ. ಕಿವಿಗೆ ಬಿದ್ದ ಹೆಸರು ಬೇರೆ, ಕಾಗದದ ಮೇಲಿನ ಹೆಸರು ಬೇರೆ.

1962ರಲ್ಲಿ ಇನ್ನೊಬ್ಬ ವಾದಕರನ್ನು ಕಾರಿನಲ್ಲಿ ಕರೆತಂದಿದ್ದ ಯುವಕ ಓಟಿಸ್ ರೆಡ್ಡಿಂಗ್, ಕೊನೆಗೆ ತಾನೂ ಒಂದು ಹಾಡು ಹಾಡುತ್ತೇನೆ ಎಂದು ಕೇಳಿದರು. ಅಂದು ಪಿಯಾನೊಗೆ ಕೂತದ್ದು ಕ್ರಾಪರ್. ಐದು ವರ್ಷದಲ್ಲಿ ಓಟಿಸ್ ಸ್ಟ್ಯಾಕ್ಸ್‌ನ ದೊಡ್ಡ ಗಾಯಕ. ಅವರು ಅರ್ಧ ತಂದ 'ಡಾಕ್ ಆಫ್ ದ ಬೇ' ಹಾಡನ್ನು ಇಬ್ಬರೂ ಕೂತು ಮುಗಿಸಿದರು. ರೆಕಾರ್ಡ್ ಆದ ಕೆಲವೇ ದಿನಕ್ಕೆ, 1967ರ ಡಿಸೆಂಬರ್ 10ರಂದು, ವಿಸ್ಕಾನ್ಸಿನ್‌ನ ಮೊನೋನ ಸರೋವರಕ್ಕೆ ವಿಮಾನ ಬಿದ್ದು ಓಟಿಸ್ ತೀರಿಕೊಂಡರು. ಅವರಿಗೆ 26 ವರ್ಷ. ಗೆಳೆಯನ ದನಿ ಕೇಳುತ್ತಾ ಕೂತು ಹಾಡನ್ನು ಸಿದ್ಧಗೊಳಿಸುವ ಕೆಲಸ ಕ್ರಾಪರ್ ಮೇಲೆ ಬಿತ್ತು. ಅಲೆಗಳ, ಕಡಲಹಕ್ಕಿಗಳ ಸದ್ದು ಸೇರಿಸಿದರು. ಜನವರಿಯಲ್ಲಿ ಬಂದ ಹಾಡು ಮಾರ್ಚ್‌ನಲ್ಲಿ ಬಿಲ್‌ಬೋರ್ಡ್ ಪಟ್ಟಿಯ 1ನೇ ಸ್ಥಾನಕ್ಕೇರಿತು. ಗಾಯಕ ತೀರಿಕೊಂಡ ಮೇಲೆ ಹಾಗೆ ಏರಿದ ಮೊದಲ ಹಾಡು ಅದು.

1968 ಸ್ಟ್ಯಾಕ್ಸ್‌ಗೆ ಕೆಟ್ಟ ವರ್ಷ. ಏಪ್ರಿಲ್ 4ರಂದು ಅದೇ ಲೊರೇನ್ ಮೋಟೆಲ್ ಬಾಲ್ಕನಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಊರಿನ ಜೊತೆ ಸ್ಟುಡಿಯೋದ ಗಾಳಿಯೂ ಬದಲಾಯಿತು. ಅದೇ ವರ್ಷ ಇನ್ನೊಂದು ಹೊಡೆತ. ವಿತರಕರಾದ ಅಟ್ಲಾಂಟಿಕ್ ಕಂಪನಿ ಜೊತೆ 1965ರಲ್ಲಿ ಮಾಡಿಕೊಂಡಿದ್ದ ಒಪ್ಪಂದದ ಪ್ರಕಾರ, ಅವರ ಮೂಲಕ ಹಂಚಿದ ಎಲ್ಲ ಹಾಡುಗಳ ಮೂಲ ಟೇಪುಗಳೂ ಅಟ್ಲಾಂಟಿಕ್‌ಗೇ ಸೇರಿದ್ದವು. ಸಹಿ ಹಾಕಿದ ಸ್ಟೀವರ್ಟ್ ಅದನ್ನು ಗಮನಿಸಿರಲಿಲ್ಲ. ಮನೆ ಅಡ ಇಟ್ಟು ಕಟ್ಟಿದ ಕಂಪನಿಗೆ ತನ್ನ ಹಾಡೇ ಉಳಿಯಲಿಲ್ಲ.

ಟೇಪು ಕೈತಪ್ಪಿತು. ಬರೆದವರ ಪಾಲಿಗೆ ಏನೂ ಆಗಲಿಲ್ಲ. 1970ರಲ್ಲಿ ಕ್ರಾಪರ್ ಹೊರಬಂದು ಸ್ವಂತ ಸ್ಟುಡಿಯೋ ನಡೆಸಿದರು, ಜೆಫ್ ಬೆಕ್, ಜಾನ್ ಪ್ರೈನ್ ಅವರ ಆಲ್ಬಂ ನಿರ್ಮಿಸಿದರು. 1975ರಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು.

ನಮ್ಮಲ್ಲೂ ನೋಡಿ. ಹಿಂದೆ ಕನ್ನಡ ಸಿನಿಮಾ ಹಾಡು ಬಹುಪಾಲು ಮದ್ರಾಸಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ಗಾಯಕರು, ಸಂಗೀತ ನಿರ್ದೇಶಕರು, ಸಾಹಿತಿಯ ಹೆಸರು ನಮಗೆ ಬಾಯಿಪಾಠ. ಪಿಟೀಲು, ಗಿಟಾರ್ ನುಡಿಸಿದವರಲ್ಲಿ ಒಬ್ಬರ ಹೆಸರು ಹೇಳಿ ಎಂದರೆ ತಡವರಿಸುತ್ತೇವೆ. 2012ರ ಕಾಪಿರೈಟ್ ತಿದ್ದುಪಡಿ, ಸಿನಿಮಾ ಹಾಡು ಬರೆದವರ, ಸಂಯೋಜಿಸಿದವರ ರಾಯಧನದ ಹಕ್ಕನ್ನು ಅವರೇ ಬರೆದುಕೊಟ್ಟರೂ ಹೋಗದಂತೆ ಮಾಡಿತು. ಅಷ್ಟಾಗಲು ಎಷ್ಟು ತಲೆಮಾರು ಬೇಕಾಯಿತು!

ಜಿಲ್ಲೆಯಲ್ಲಿ ಕೂತು ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರ್‌ಗಳೂ ಒಂದು ರೀತಿಯ ಸೆಷನ್ ವಾದಕರೇ. ನಾವು ಕಳಿಸಿದ ಸುದ್ದಿ ರಾಜಧಾನಿಯಲ್ಲಿ ಯಾರದೋ ಹೆಸರಲ್ಲಿ ಬರುತ್ತದೆ, ನಮಗೆ ಸುದ್ದಿಗಿಷ್ಟು ಅಂತ ಸಂಭಾವನೆ. ಕ್ರಾಪರ್ ಕೈಚಳಕ ನಮಗೆ ಬಾರದಿರಬಹುದು. ಆದರೆ ಕೆಲಸ ಹಿಡಿಯುವ ಮುಂಚೆ ಹೆಸರು ಯಾರದು, ಹಕ್ಕು ಯಾರದು ಎಂದು ಕೇಳುವುದಕ್ಕೆ, ಸಹಿ ಹಾಕುವ ಮುಂಚೆ ಪೂರ್ತಿ ಓದುವುದಕ್ಕೆ ಕೈಚಳಕ ಬೇಕಿಲ್ಲ.