ನವಲಿ ಸೀಮೆಯ ಮಕ್ಕಳು ಚಿತ್ರ ಕಲಿತ ಬಗೆ

ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಕರ್ನಾಟಕದ ಊರುಗಳಲ್ಲಿ ಆ ಹೊತ್ತಿಗೆ ಮುಂಗಾರಿನ ಒಂದೆರಡು ಮಳೆ ಬಿದ್ದು ಎರೆಮಣ್ಣು ಹದಕ್ಕೆ ಬಂದಿರುತ್ತದೆ. ಮಕ್ಕಳು ಆ ಮಣ್ಣನ್ನು ತಂದು, ಕಲ್ಲು ಕಸ ಆರಿಸಿ, ನೀರು ಹಾಕಿ ಮಿದಿದು ಜೋಡಿ ಎತ್ತು ಮಾಡುತ್ತಾರೆ. ಕಾಲು ನಿಲ್ಲಬೇಕು, ಹಿಣಿಲು ಎದ್ದು ಕಾಣಬೇಕು, ಕೋಡು ಮುರಿಯಬಾರದು. ಅವುಗಳ ಮುಂದೆ ಮೇವಿಗೊಂದು ಗೋದಲಿಯೂ ಆಗಬೇಕು. ಮರುದಿನ ಮಕ್ಕಳ ಗುಂಪು ಮಣ್ಣಿನ ಎತ್ತನ್ನು ಹಿಡಿದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತದೆ.

ಇದನ್ನು ಯಾರೂ ಶಿಲ್ಪಕಲೆಯ ಪಾಠ ಎಂದು ಕರೆದದ್ದಿಲ್ಲ. ಆದರೆ ಪಾಠಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಮಣ್ಣಿಗೆ ನೀರು ಹೆಚ್ಚಾದರೆ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಎತ್ತಿನ ಮೈಯ ಭಾರ ಎಲ್ಲಿ ಬೀಳುತ್ತದೆಂದು ತಿಳಿಯದೆ ಅದನ್ನು ನಿಲ್ಲಿಸಲಾಗದು. ಅಣ್ಣನೋ ಅಜ್ಜನೋ ಪಕ್ಕದಲ್ಲಿ ಕೂತು ಒಂದು ಎತ್ತು ಮಾಡುತ್ತಾರೆ, ಮಗು ಅದನ್ನು ನೋಡಿ ಇನ್ನೊಂದು ಮಾಡುತ್ತದೆ. ಜೀವಂತ ಮಾದರಿ ಕೊಟ್ಟಿಗೆಯಲ್ಲೇ ಇರುತ್ತಿತ್ತು.

ಆಷಾಢ ಬಂದರೆ ಸರದಿ ಹೆಣ್ಣುಮಕ್ಕಳದು. ಹಲವು ಊರುಗಳಲ್ಲಿ ಆ ತಿಂಗಳ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ ಕಾಳುಗಳನ್ನು ಒತ್ತಿ ಸಿಂಗರಿಸುತ್ತಾರೆ. ದೀಪಾವಳಿಗೆ ಸಗಣಿಯ ಪಾಂಡವರು, ಅವರ ತಲೆಗೆ ಹೂವು, ಉತ್ತರಾಣಿ ಕಡ್ಡಿ. ಇವುಗಳ ನಡುವೆ ದಿನವೂ ಬೆಳಿಗ್ಗೆ ಅಂಗಳದ ರಂಗೋಲಿ. ಶಾಲೆ ಕಾಣದ ಮಗುವಿನ ಕೈಯೂ ವರ್ಷದುದ್ದಕ್ಕೂ ಒಂದಿಲ್ಲೊಂದು ಆಕಾರವನ್ನು ಕಟ್ಟುತ್ತಿತ್ತು.

ಹಿಂದೆ ಗಂಗಾವತಿ ತಾಲ್ಲೂಕಿನಲ್ಲಿದ್ದ ನವಲಿಯ ಸುತ್ತಲಿನ ಸೀಮೆಗೆ ಚಿತ್ರದ ನಂಟು ತೀರ ಹಳೆಯದು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಮೋರೇರ ಮನೆಗಳೆಂದು ಜನ ಕರೆಯುವ ಬೃಹತ್ ಶಿಲಾಯುಗದ ನೂರಾರು ಕಲ್ಲುಗೋರಿಗಳಿವೆ. ಅವುಗಳಿಗೆ ಹೋಗುವ ದಾರಿಯ ಬಂಡೆಗಳ ಮರೆಯಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರೂ ಪ್ರಾಣಿಗಳೂ ಇದ್ದಾರೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆಯೆತ್ತಿದರೆ ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರ ಮೆರವಣಿಗೆ. ಹೊಳೆ ದಾಟಿ ಆನೆಗೊಂದಿಗೆ ಬಂದರೆ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ ಹೆಂಗಸರ ಮೈಗಳನ್ನೇ ಹೆಣೆದು ಮಾಡಿದ ಆನೆ. ಈ ಚಾವಣಿಗಳನ್ನು ಬರೆದವರು ಎಲ್ಲಿ ಕಲಿತರು, ಯಾವ ವಯಸ್ಸಿಗೆ ಕುಂಚ ಹಿಡಿದರು ಎಂಬುದನ್ನು ಶಾಸನಗಳು ಹೇಳುವುದಿಲ್ಲ. ಅದಕ್ಕೆ ಹತ್ತಿರದ ಉತ್ತರ ಸಿಗುವುದು ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ.

ಕಿನ್ನಾಳದ ಚಿತ್ರಗಾರರು ತಮ್ಮ ಹಿರಿಯರು ವಿಜಯನಗರದ ಅರಸರ ಆಶ್ರಯದಲ್ಲಿದ್ದವರೆಂದು, ವಿರೂಪಾಕ್ಷ ಗುಡಿಯ ಚಿತ್ರಗಳಲ್ಲಿ ಅವರ ಕೈ ಇದೆಯೆಂದು ಹೇಳಿಕೊಂಡು ಬಂದಿದ್ದಾರೆ. ಇಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಅವರ ಕೆಲಸ ಮರದ ಗೊಂಬೆಗಳದು: ಹಬ್ಬಕ್ಕೆ ಗೌರಿ, ಗುಡಿಗೆ ಗರುಡ ಮತ್ತು ಇತರ ವಾಹನಗಳು, ಮಕ್ಕಳಿಗೆ ಹಣ್ಣು, ಪ್ರಾಣಿ, ಪಕ್ಷಿ. ಕೆಲಸದ ಕ್ರಮ ನೋಡಿದರೆ ಕಲಿಕೆಯ ಕ್ರಮವೂ ತಿಳಿಯುತ್ತದೆ. ಹಗುರ ಮರದ ತುಂಡುಗಳನ್ನು ಕೆತ್ತಿ, ಅರೆದ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಚೀಲದ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದೇ ಅಂಟಿನಲ್ಲಿ ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ಮುಚ್ಚುತ್ತಾರೆ. ಅದರ ಮೇಲೆ ಅಂಟಿನಲ್ಲಿ ಅದ್ದಿದ ಅರಿವೆಯ ಹೊದಿಕೆ. ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿದಾಗ ಬಣ್ಣ ಹಿಡಿಯುವ ನುಣುಪು ಬರುತ್ತದೆ. ಒಡವೆ, ಕಿರೀಟಗಳ ಉಬ್ಬುಗೆಲಸಕ್ಕೂ ಅದೇ ಲೇಪ. ಕೊನೆಗೆ ಬಣ್ಣ, ತವರದಿಂದ ಬಂಗಾರದ ಹೊಳಪು ತರಿಸುವ ಲಾಜವಾರ.

ಇಷ್ಟೊಂದು ಹಂತಗಳ ಕೆಲಸದಲ್ಲಿ ಎಲ್ಲ ವಯಸ್ಸಿನವರಿಗೂ ಒಂದೊಂದು ಪಾಲು ಸಿಗುತ್ತದೆ. ಬೀಜ ಅರೆಯುವುದು, ಚಿಂದಿ ಕುಟ್ಟುವುದು, ಮೈ ತಿಕ್ಕುವುದು ಕಲಿಯುವವರಿಗೆ. ಮುಖ ತಿದ್ದುವುದು, ಕಣ್ಣು ಬರೆಯುವುದು ನುರಿತವರಿಗೆ. ಮಗುವಿನ ಕೆಲಸ ಅಭ್ಯಾಸಕ್ಕೆಂದು ಮಾಡಿ ಬಿಸಾಡುವಂಥದ್ದಲ್ಲ. ಅದು ಅರೆದ ಅಂಟು ನಿಜವಾದ ಗೌರಿಯ ಕೈಯನ್ನು ಹಿಡಿದು ನಿಲ್ಲಿಸಬೇಕು. ಈ ಪದ್ಧತಿಯ ಮಿತಿಯನ್ನೂ ಹೇಳಲೇಬೇಕು. ಚಿತ್ರಗಾರರ ಮನೆಯಲ್ಲಿ ಹುಟ್ಟದ ಮಗುವಿಗೆ ಈ ಬಾಗಿಲು ತೆರೆದಿರಲಿಲ್ಲ, ಹುಟ್ಟಿದ ಮಗುವಿಗೆ ಬೇರೆ ದಾರಿಗಳು ಕಡಿಮೆ ಇದ್ದವು. ಎಲ್ಲರ ಮಕ್ಕಳಿಗೂ ಚಿತ್ರ ಕಲಿಸುವ ಮಾತು ಶಾಲೆಯಿಂದಲೇ ಬರಬೇಕಿತ್ತು.

ಶಾಲೆ ಅದನ್ನು ತಂದದ್ದು ತಡವಾಗಿ. ಕೊಪ್ಪಳ, ಯಲಬುರ್ಗಾ, ಗಂಗಾವತಿ, ಕುಷ್ಟಗಿ ಆಗ ಹೈದರಾಬಾದ್ ನಿಜಾಮನ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು, ಶಾಲೆಗಳು ವಿರಳ, ಕನ್ನಡದಲ್ಲಿ ಓದು ಬರಹ ಸಿಗುವುದೇ ದೊಡ್ಡದಾಗಿತ್ತು. ಪಕ್ಕದ ಮುಂಬಯಿ ಪ್ರಾಂತ್ಯದ ಕಥೆ ಬೇರೆ. 1857ರಲ್ಲಿ ಶುರುವಾದ ಮುಂಬಯಿಯ ಜೆ. ಜೆ. ಕಲಾಶಾಲೆಯ ಪ್ರಭಾವ ಧಾರವಾಡ, ಗದಗಗಳ ತನಕ ಹಬ್ಬಿತ್ತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳು ಅಲ್ಲಿನ ಹೈಸ್ಕೂಲು ಹುಡುಗರಿಗೆ ಗೊತ್ತಿದ್ದವು. ಡಿ. ವಿ. ಹಾಲಭಾವಿ ಅವರು 1935ರಲ್ಲಿ ಧಾರವಾಡದಲ್ಲಿ ಚಿತ್ರಕಲಾ ಶಾಲೆ ತೆರೆದರು, ಗದಗದಲ್ಲಿ ಟಿ. ಪಿ. ಅಕ್ಕಿ ಅವರ ವಿಜಯ ಕಲಾ ಮಂದಿರ ಬೆಳೆಯಿತು. ಮುಂದೆ ಊರೂರಿನ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರನ್ನು ಕೊಟ್ಟದ್ದು ಇಂಥ ಸಂಸ್ಥೆಗಳೇ. ನಿಜಾಮನ ಸೀಮೆಯ ಪ್ರತಿಭೆಗಳು ದೂರ ಹೋಗಬೇಕಿತ್ತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಊರಿನಲ್ಲಿ ಶಂಕರರಾವ್ ಆಳಂದಕರ ಅವರಿಂದ ಮೊದಲ ಪಾಠ ಪಡೆದು, ಮದ್ರಾಸು, ಮುಂಬಯಿಗಳಿಗೆ ಹೋದರು.

ಆ ಡ್ರಾಯಿಂಗ್ ಪಾಠದ ಸ್ವರೂಪವೇನು? ಮುಂದಿಟ್ಟ ವಸ್ತುವನ್ನು ನೋಡಿ ಬರೆಯುವುದು, ನೆನಪಿನಿಂದ ಬರೆಯುವುದು, ವಿನ್ಯಾಸ, ರೇಖಾಗಣಿತ, ಅಕ್ಷರ ಬರೆಯುವುದು. ಶಿಸ್ತಿನ ಪಾಠ, ಒಳ್ಳೆಯ ಪಾಠವೇ. ಎಷ್ಟೋ ಬಡ ಹುಡುಗರಿಗೆ ಅದು ಅನ್ನಕ್ಕೆ ದಾರಿಯಾಯಿತು. ಆದರೆ ಅದನ್ನು ಹದಿಹರೆಯದವರ ಕೈಗೆಂದು ಕಟ್ಟಲಾಗಿತ್ತು. ಆರೇಳು ವರ್ಷದ ಮಗು ಏನನ್ನು ಬರೆಯುತ್ತದೆ, ಏಕೆ ಬರೆಯುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ. ವಿಯೆನ್ನಾದಲ್ಲಿ ಫ್ರಾಂಜ್ ಸಿಜೆಕ್ 1897ರಲ್ಲೇ ಮಕ್ಕಳಿಗಾಗಿ ಚಿತ್ರದ ತರಗತಿ ತೆರೆದು, ದೊಡ್ಡವರ ಚಿತ್ರವನ್ನು ನಕಲು ಮಾಡಿಸದೆ ಮಕ್ಕಳಿಂದ ಅವರದೇ ಚಿತ್ರ ಬರೆಸುತ್ತಿದ್ದ. ನಮ್ಮಲ್ಲಿ ಅದೇ ಕಾಲದ ಮಗುವಿನ ಪಾಲಿಗೆ ಪಾಟಿ, ಬಳಪ, ಮತ್ತು ತಿದ್ದಬೇಕಾದ ಅಕ್ಷರ.

ಭಾರತದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದ್ದು ಗಾಂಧೀಜಿಯವರ ಮೂಲಶಿಕ್ಷಣ. 1937ರ ವಾರ್ಧಾ ಸಮ್ಮೇಳನದ ಬಳಿಕ ಜಾಕಿರ್ ಹುಸೇನ್ ಸಮಿತಿ ರೂಪಿಸಿದ ಪಠ್ಯಕ್ರಮದಲ್ಲಿ ಕೈಕಸುಬು, ಮಾತೃಭಾಷೆ, ಗಣಿತಗಳ ಜೊತೆ ಚಿತ್ರಕಲೆಗೂ ಸಂಗೀತಕ್ಕೂ ಜಾಗವಿತ್ತು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ ಸೇವಾಗ್ರಾಮದ ಶಾಲೆಯಲ್ಲಿ ಹಳ್ಳಿ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಕಲೆಯೇ ಶಿಕ್ಷಣದ ಬುನಾದಿ ಎಂಬ ವಿಚಾರವನ್ನು ಪುಸ್ತಕವಾಗಿಸಿದರು. ಕೊಪ್ಪಳದ ಸೀಮೆ 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಗಿ, 1956ರಲ್ಲಿ ಕನ್ನಡ ನಾಡನ್ನು ಸೇರಿತು. ಶಾಲೆಗಳು ಹೆಚ್ಚಿದವು. ಚಿತ್ರದ ಪಾಠ ಮಾತ್ರ ಹೈಸ್ಕೂಲಿನ ಡ್ರಾಯಿಂಗ್ ಪಿರಿಯಡ್ಡಿನ ಸುತ್ತಲೇ ಉಳಿಯಿತು. ಲೋವರ್, ಹೈಯರ್ ಎಂಬ ಗ್ರೇಡ್ ಪರೀಕ್ಷೆಗಳು ಕರ್ನಾಟಕದಲ್ಲೂ ಆ ಹಳೆಯ ಜಾಡನ್ನೇ ಮುಂದುವರಿಸಿದವು.

ಚಿಕ್ಕ ಮಕ್ಕಳ ತರಗತಿಯ ಗೋಡೆ ಬದಲಾದದ್ದು ನಲಿ–ಕಲಿಯಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಕ್ರಮ 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಮಕ್ಕಳು ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕೆಳಭಾಗಕ್ಕೆ, ಮಗುವಿನ ಕೈಗೆ ಎಟುಕುವಷ್ಟೇ ಎತ್ತರದಲ್ಲಿ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದರಲ್ಲಿ ಮಕ್ಕಳು ಬರೆದ, ಕತ್ತರಿಸಿದ, ಅಂಟಿಸಿದ ಕೆಲಸಗಳ ತೋರಣ. ಈ ಎರಡು ಸಣ್ಣ ಬದಲಾವಣೆಗಳ ಬೆಲೆಯನ್ನು ಕಡಿಮೆ ಅಂದಾಜು ಮಾಡಬಾರದು. ಅದಕ್ಕೆ ಮೊದಲು ಶಾಲೆಯ ಹಲಗೆ ಗುರುಗಳ ಆಸ್ತಿಯಾಗಿತ್ತು. ತನ್ನದೇ ಪಾಲಿನ ಹಲಗೆಯ ಮೇಲೆ ಮಗು ತೋಳು ಬೀಸಿ ಗೆರೆ ಎಳೆಯತೊಡಗಿದಾಗ, ಬರಹಕ್ಕಿಂತ ಮೊದಲು ಬಂದದ್ದು ಹೂವು, ಮನೆ, ಕೋಳಿ, ಟ್ರ್ಯಾಕ್ಟರು.

ಹೌದು, ಟ್ರ್ಯಾಕ್ಟರು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿ ಸೀಮೆಯನ್ನು ಭತ್ತದ ನಾಡಾಗಿಸಿದ ಮೇಲೆ ಉಳುಮೆಯ ಎತ್ತುಗಳು ಕಡಿಮೆಯಾದವು. ಕುಂಬಾರರು ಮಾಡಿದ ಮಣ್ಣೆತ್ತುಗಳನ್ನು ಸಂತೆಯಲ್ಲಿ ಕೊಳ್ಳುವ ಮನೆಗಳು ಹೆಚ್ಚಾದವು. ಹಬ್ಬ ಉಳಿದರೂ ಮಗುವಿನ ಕೈಯ ಪಾಲು ಕುಗ್ಗಿತು. ನವಲಿಯ ಹೆಸರು ಈಗ ಪತ್ರಿಕೆಗಳಲ್ಲಿ ಕಾಣುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ನೀರಿನ ಸಂಗ್ರಹ ತಗ್ಗಿರುವುದರಿಂದ ಇಲ್ಲಿ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಪ್ರಸ್ತಾವ ಬಹುಕಾಲದಿಂದ ಇದೆ. ನೀರಿನ ಲೆಕ್ಕದಲ್ಲಿ ಬದುಕುವ ಇಂಥ ಊರಿನಲ್ಲಿ ಮನೆ ಕಲಿಸುತ್ತಿದ್ದ ಕೈಗೆಲಸ ಹಿಂದೆ ಸರಿದಷ್ಟೂ ಶಾಲೆಯ ಹೊಣೆ ಹೆಚ್ಚುತ್ತದೆ.

ಕಾನೂನು ಈ ಹೊಣೆಯನ್ನು ಅರ್ಧ ಮಾತ್ರ ಒಪ್ಪಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯವಾಗಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡಬೇಕೆಂದದ್ದು ಆರರಿಂದ ಎಂಟನೇ ತರಗತಿಗೆ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದನೇ ತರಗತಿಗೆ ಅಂಥ ಮಾತಿಲ್ಲ. ಕೈ ಅತ್ಯಂತ ಚುರುಕಾಗಿ ಬೆಳೆಯುವ ವಯಸ್ಸನ್ನು ಹೀಗೆ ಲೆಕ್ಕದಿಂದ ಹೊರಗಿಟ್ಟದ್ದು ದೊಡ್ಡ ತಪ್ಪು. ಪ್ರತಿಭಾ ಕಾರಂಜಿಯಲ್ಲಿ ಬಣ್ಣ ಹಚ್ಚುವುದೂ ಮಣ್ಣಿನ ಮಾದರಿ ಮಾಡುವುದೂ ಸ್ಪರ್ಧೆಗಳಾಗಿವೆ ನಿಜ. ಸ್ಪರ್ಧೆಯಲ್ಲಿ ಗೆಲ್ಲುವ ಒಂದೆರಡು ಮಕ್ಕಳು ಮುಂದೆ ಬರುತ್ತಾರೆ. ಉಳಿದವರಿಗೆ ಬೇಕಾದದ್ದು ವಾರವಾರದ ಅಭ್ಯಾಸ.

ಊರಿನ ಕಸುಬನ್ನು ತರಗತಿಯೊಳಗೆ ತರುವ ಯತ್ನಗಳು ರಾಜ್ಯದಲ್ಲಿ ನಡೆದಿವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ‘ಕಲಿ–ಕಲಿಸು’ ಕಾರ್ಯಕ್ರಮ ಸರಕಾರಿ ಶಾಲೆಯ ಶಿಕ್ಷಕರಿಗೆ ಇದಕ್ಕೆಂದೇ ನೆರವು ಕೊಡುತ್ತ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಹತ್ತು ಚೀಲರಹಿತ ದಿನಗಳನ್ನು ಹೇಳಿತು. ಅಲ್ಲಿಯೂ ಲೆಕ್ಕಕ್ಕೆ ಬಂದದ್ದು ಆರನೇ ತರಗತಿಯಿಂದ ಮೇಲಿನವರೇ. ಹುಣಸೆ ಬೀಜ ಅರೆಯಲು, ಗೋಣಿ ಚಿಂದಿ ಕುಟ್ಟಲು ಆರನೇ ತರಗತಿಯವರೆಗೆ ಕಾಯಬೇಕಿಲ್ಲ. ಒಂದನೇ ತರಗತಿಯ ಮಗುವೂ ಹಾಳೆಯ ಹಣ್ಣೊಂದಕ್ಕೆ ಕಿಟ್ಟ ಮೆತ್ತಿ ಬಣ್ಣ ಹಚ್ಚಬಲ್ಲದು. ಕಿನ್ನಾಳದ ಚಿತ್ರಗಾರರನ್ನು ವರ್ಷಕ್ಕೆ ನಾಲ್ಕಾರು ದಿನ ಗೌರವಧನ ಕೊಟ್ಟು ಕೊಪ್ಪಳ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಕರೆಸುವುದಾದರೆ, ಸಾಮಗ್ರಿಗೆ ಪಟ್ಟಣದ ಅಂಗಡಿಯನ್ನು ಹುಡುಕಬೇಕಾಗಿಲ್ಲ. ಬೀಜ, ಗೋಣಿ, ಬೆಣಚುಕಲ್ಲು ಎಲ್ಲ ಊರಿನಲ್ಲೇ ಸಿಗುತ್ತವೆ. ಮೊದಲ ವರ್ಷಕ್ಕೆ ನವಲಿ ಭಾಗದ ಒಂದು ಕ್ಲಸ್ಟರಿನ ಶಾಲೆಗಳನ್ನು ಆರಿಸಿಕೊಂಡರೂ ಸಾಕು.